ಕಾರಿನ ಎಸಿ ಗ್ಯಾಸ್ ಲೀಕ್: ಜಾಗ ಹುಡುಕಿ, ಸರಿಮಾಡಿ, ಆಮೇಲೆ ಗ್ಯಾಸ್ ತುಂಬಿಸಿ

ಕಾರಿನ ಎಸಿ ತಣ್ಣಗಾಗುತ್ತಿಲ್ಲ ಅಂದ ಕೂಡಲೇ ಹೆಚ್ಚಿನವರ ಬಾಯಲ್ಲಿ ಬರುವ ಮಾತು ಒಂದೇ, "ಗ್ಯಾಸ್ ತುಂಬಿಸಬೇಕು". ಪೆಟ್ರೋಲ್ ಥರ ಗ್ಯಾಸ್ ಕೂಡ ಓಡಿಸಿದಷ್ಟೂ ಖರ್ಚಾಗುತ್ತದೆ ಅನ್ನುವ ನಂಬಿಕೆ ಇದರ ಹಿಂದೆ ಇದೆ. ಅದು ಖರ್ಚಾಗುವುದಿಲ್ಲ. ಎಸಿಯ ಪೈಪುಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸ್ ಮತ್ತು ಸೀಲುಗಳ ಮೂಲಕ ವರ್ಷಕ್ಕೆ ಒಂದಿಷ್ಟು ಗ್ರಾಂ ತಾನಾಗಿ ಹೋಗುವುದು ಸಹಜ. ಹಾಗಾಗಿ ಹಳೆಯ ಕಾರಿನಲ್ಲಿ ಹಲವು ವರ್ಷಕ್ಕೊಮ್ಮೆ ಸ್ವಲ್ಪ ಕಮ್ಮಿಯಾದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲ ಅಂದರೆ ಎಲ್ಲೋ ಲೀಕ್ ಇದೆ, ಅದರಲ್ಲಿ ಅನುಮಾನ ಬೇಡ.

ಲೀಕ್ ಹುಡುಕದೆ ಸುಮ್ನೆ ಗ್ಯಾಸ್ ತುಂಬಿಸುತ್ತಾ ಹೋದರೆ ಹಣ ಹೋಗುವುದು ಒಂದು ಕಡೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಹೋಗುವುದು ಇನ್ನೊಂದು ಕಡೆ. ಕಂಪ್ರೆಸರ್‌ಗೆ ಬೇಕಾದ ಆಯಿಲ್ ಗ್ಯಾಸಿನ ಜೊತೆಯಲ್ಲೇ ಹರಿದು ಬರುತ್ತದೆ. ಗ್ಯಾಸ್ ಕಮ್ಮಿಯಾದರೆ ಆಯಿಲ್ ಸರಿಯಾಗಿ ವಾಪಸ್ ಬರುವುದಿಲ್ಲ, ಲೀಕಾದ ಕಡೆಯಿಂದ ಹೊರಗೂ ಹೋಗುತ್ತದೆ. ಕೊನೆಗೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಇನ್ನೂ ಒಂದು ವಿಷಯ. ಇವತ್ತಿಗೂ ಅತಿ ಹೆಚ್ಚು ಕಾರುಗಳಲ್ಲಿರುವ ಆರ್-134ಎ ಗ್ಯಾಸ್, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಅರ್ಧ ಕಿಲೋ ಗ್ಯಾಸ್ ಗಾಳಿಗೆ ಹೋಯಿತು ಅಂದರೆ ಸಣ್ಣ ಮಾತಲ್ಲ. ಅದಕ್ಕೇ ಅನೇಕ ದೇಶಗಳಲ್ಲಿ ಇದನ್ನು ಬೇಕೆಂದೇ ಹೊರಗೆ ಬಿಡುವುದು ಕಾನೂನಿಗೆ ವಿರುದ್ಧ.

ಕೈ ಹಾಕುವ ಮೊದಲು

ಬಾನೆಟ್ ಎತ್ತಿದರೆ ಒಳಗೆಲ್ಲಾದರೂ ಒಂದು ಸ್ಟಿಕ್ಕರ್ ಇರುತ್ತದೆ. ಯಾವ ಗ್ಯಾಸ್, ಎಷ್ಟು ಗ್ರಾಂ, ಯಾವ ಆಯಿಲ್ ಎಂದು ಅದರಲ್ಲಿ ಬರೆದಿರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. 1990ರ ದಶಕದ ಮೊದಲರ್ಧಕ್ಕಿಂತ ಹಳೆಯ ಕಾರುಗಳಲ್ಲಿ ಆರ್-12 ಇತ್ತು. ಅದು ಓಜೋನ್ ಪದರವನ್ನು ಹಾಳು ಮಾಡುತ್ತದೆ ಅನ್ನುವ ಕಾರಣಕ್ಕೆ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ನಿಂತುಹೋಯಿತು. ಅದರ ಜಾಗಕ್ಕೆ ಆರ್-134ಎ ಬಂತು. ಈಗ ಹೊಸ ಕಾರುಗಳಲ್ಲಿ ಆರ್-1234ವೈಎಫ್ ಬರುತ್ತಿದೆ. ಯುರೋಪಿನಲ್ಲಂತೂ 2017ರಿಂದ ಹೊಸ ಕಾರುಗಳಿಗೆ 134ಎ ಹಾಕುವ ಹಾಗೇ ಇಲ್ಲ. ಒಂದನ್ನು ಇನ್ನೊಂದರ ಜೊತೆ ಬೆರೆಸಬಾರದು. ಕೈತಪ್ಪಿ ಬೆರೆಯದಿರಲಿ ಎಂದೇ ಎರಡಕ್ಕೂ ಬೇರೆಬೇರೆ ಅಳತೆಯ ಸರ್ವಿಸ್ ಪೋರ್ಟ್ (ಗ್ಯಾಸ್ ತುಂಬಿಸುವ, ಗೇಜ್ ಹಾಕುವ ಬಾಯಿ) ಕೊಟ್ಟಿರುತ್ತಾರೆ. 1234ವೈಎಫ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಅದಕ್ಕೆಂದೇ ಮಾಡಿದ ಮಷೀನ್ ಮತ್ತು ಲೀಕ್ ಹಿಡಿಯುವ ಡಿಟೆಕ್ಟರ್ ಮಾತ್ರ ಬಳಸಿ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳದ್ದು ಬೇರೆಯೇ ಕಥೆ. ಅವುಗಳ ಕಂಪ್ರೆಸರ್ ಹೈ ವೋಲ್ಟೇಜ್ ಕರೆಂಟಿನಲ್ಲಿ ಓಡುತ್ತದೆ. ಅಂಥ ಹೆಚ್ಚಿನ ಕಂಪ್ರೆಸರ್‌ಗಳಿಗೆ ಪಿಒಇ ಅನ್ನುವ, ಕರೆಂಟ್ ಹರಿಯಲು ಬಿಡದ ಆಯಿಲ್ ಬೇಕು. ಅಲ್ಲಿಗೆ ಮಾಮೂಲಿ ಪಿಎಜಿ ಆಯಿಲ್ ಸ್ವಲ್ಪ ಸೇರಿದರೂ ಇನ್ಸುಲೇಶನ್ ಕೆಟ್ಟು ಕಾರು ನಿಲ್ಲಬಹುದು. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ನೋಡುವುದಷ್ಟೇ ನಿಮ್ಮ ಕೆಲಸ, ಬಿಚ್ಚುವುದು ತರಬೇತಿ ಆದವರ ಕೆಲಸ.

ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಮತ್ತು ಕೈಗವಸು ಬೇಕೇ ಬೇಕು. 134ಎ ತೆರೆದ ಗಾಳಿಯಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ದ್ರವ ರೂಪದಲ್ಲಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಗಾಳಿ ಆಡುವ ಜಾಗದಲ್ಲಿ ಕೆಲಸ ಮಾಡಿ. ಹತ್ತಿರ ಬೆಂಕಿ, ಬೀಡಿ, ಸಿಗರೇಟು ಬೇಡ. ಈ ಗ್ಯಾಸ್ ಬೆಂಕಿಗೆ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ, ಅದು ಶ್ವಾಸಕೋಶಕ್ಕೆ ವಿಷ.

ನಿಜಕ್ಕೂ ಗ್ಯಾಸ್ ಕಮ್ಮಿಯಾಗಿದೆಯಾ?

ಕೂಲಿಂಗ್ ಇಲ್ಲ ಅಂದರೆ ಗ್ಯಾಸ್ ಇಲ್ಲ ಅಂತಲೇ ಅರ್ಥ ಅಲ್ಲ. ಕ್ಯಾಬಿನ್ ಫಿಲ್ಟರ್ ಧೂಳು ಕಟ್ಟಿರಬಹುದು. ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್‌ನ ಫ್ಯಾನ್ ತಿರುಗದೆ ಇರಬಹುದು. ಕಂಪ್ರೆಸರ್ ಕ್ಲಚ್ಚಿನ ರಿಲೇ ಅಥವಾ ಫ್ಯೂಸ್ ಹೋಗಿರಬಹುದು. ಡ್ಯಾಶ್‌ಬೋರ್ಡಿನೊಳಗೆ ಬಿಸಿ ಗಾಳಿ, ತಣ್ಣನೆ ಗಾಳಿಯನ್ನು ಬೇರೆ ಮಾಡುವ ಫ್ಲಾಪ್ ಸಿಕ್ಕಿಕೊಂಡಿರಬಹುದು. ಮೊದಲು ಇವನ್ನು ನೋಡಿ ಮುಗಿಸಿ.

ಗ್ಯಾಸ್ ಕಮ್ಮಿಯಾದಾಗ ಕ್ಲಚ್ ಇರುವ ಕಂಪ್ರೆಸರ್ ಟಕ್ ಟಕ್ ಎಂದು ಮತ್ತೆ ಮತ್ತೆ ಆನ್-ಆಫ್ ಆಗುತ್ತದೆ. ಓಡುವಾಗ ಸುಮಾರಾಗಿ ತಣ್ಣಗಿದ್ದು, ನಿಂತ ಕೂಡಲೇ ಬಿಸಿ ಗಾಳಿ ಬರುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನಿಂದ ಸ್ಸ್... ಎಂದು ಸದ್ದು ಕೇಳಬಹುದು. ಒಂದು ಬದಿಯ ಗಾಳಿ ತಣ್ಣಗೆ, ಇನ್ನೊಂದು ಬದಿಯದ್ದು ಬೆಚ್ಚಗೆ ಬರುವುದೂ ಉಂಟು.

ಗೇಜ್ ಹಾಕಿದಾಗ ತುಂಬಾ ಜನ ಮೋಸ ಹೋಗುವ ಜಾಗ ಒಂದಿದೆ. ಎಂಜಿನ್ ಆಫ್ ಇದ್ದು ಕಾರು ಪೂರ್ತಿ ತಣ್ಣಗಾಗಿರುವಾಗ 134ಎ ಗ್ಯಾಸಿನ ಒತ್ತಡ ನಿಂತಿರುವುದು ಹೊರಗಿನ ಉಷ್ಣಾಂಶದ ಮೇಲೆ. 20 ಡಿಗ್ರಿಗೆ ಸುಮಾರು 68 ಪಿಎಸ್‌ಐ (ಟೈರಿನ ಗಾಳಿಗೂ ಬಳಸುವ ಒತ್ತಡದ ಅಳತೆ), 25ಕ್ಕೆ 82, 30ಕ್ಕೆ 97, 35ಕ್ಕೆ 114. ಒಳಗೆ ಸ್ವಲ್ಪವಾದರೂ ದ್ರವ ಉಳಿದಿರುವ ತನಕ ಗೇಜ್ ಇದೇ ಅಂಕಿ ತೋರಿಸುತ್ತದೆ. ಗ್ಯಾಸ್ ಪೂರ್ತಿ ಇದ್ದರೂ 82, ಅರ್ಧ ಇದ್ದರೂ 82! ಹಾಗಾಗಿ ನಿಂತ ಕಾರಿನ ಗೇಜ್ ನೋಡಿ "ಗ್ಯಾಸ್ ಸರಿಯಾಗಿದೆ" ಅನ್ನುವವರ ಮಾತು ನಂಬಬೇಡಿ. 25 ಡಿಗ್ರಿಯಲ್ಲಿ 40 ಪಿಎಸ್‌ಐ ತೋರಿಸಿದರೆ ಮಾತ್ರ ಖಚಿತವಾಗಿ ಹೇಳಬಹುದು: ದ್ರವ ಎಲ್ಲಾ ಹೋಗಿದೆ, ಉಳಿದಿರುವುದು ಬರೀ ಆವಿ.

ಎಸಿ ಓಡುವಾಗ ಲೋ ಸೈಡ್ (ಕಂಪ್ರೆಸರ್‌ಗೆ ಗ್ಯಾಸ್ ಬರುವ, ಒತ್ತಡ ಕಮ್ಮಿ ಇರುವ ಕಡೆ), ಹೈ ಸೈಡ್ (ಅದರಿಂದ ಗ್ಯಾಸ್ ಹೊರಡುವ, ಒತ್ತಡ ಜಾಸ್ತಿ ಇರುವ ಕಡೆ) ಎರಡೂ ಮಾಮೂಲಿಗಿಂತ ಕಮ್ಮಿ ತೋರಿಸಿದರೆ ಗ್ಯಾಸ್ ಕಮ್ಮಿ ಎಂದು ಊಹಿಸಬಹುದು. ಆದರೆ ಊಹೆ ಬೇಡ, ಲೆಕ್ಕ ಬೇಕು ಅಂದರೆ ದಾರಿ ಒಂದೇ. ರಿಕವರಿ ಮಷೀನಿನಿಂದ ಇರುವ ಗ್ಯಾಸನ್ನೆಲ್ಲ ಎಳೆದು ತೂಕ ನೋಡುವುದು. ಸ್ಟಿಕ್ಕರ್ 500 ಗ್ರಾಂ ಅನ್ನುತ್ತದೆ, ಮಷೀನಿಗೆ ಬಂದದ್ದು 320 ಗ್ರಾಂ ಅಂತಿಟ್ಟುಕೊಳ್ಳಿ. ಕೊನೆಯ ಸಲ ತುಂಬಿಸಿ ಮೂರು ವರ್ಷ ಆಗಿದ್ದರೆ ಸಣ್ಣ ಲೀಕ್. ಮೂರು ತಿಂಗಳಾಗಿದ್ದರೆ ಸಾಬೂನು ನೀರಿಗೇ ಸಿಗುವಂಥ ಲೀಕ್. ಯಾವ ಸಾಧನ ಹಿಡಿಯಬೇಕು ಅನ್ನುವುದನ್ನು ಈ ಅಂಕಿಯೇ ಹೇಳಿಬಿಡುತ್ತದೆ.

ಆದರೆ ಡೈ (ಯುವಿ, ಅಂದರೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ) ಅಥವಾ ಎಲೆಕ್ಟ್ರಾನಿಕ್ ಡಿಟೆಕ್ಟರ್ ಬಳಸುವ ಯೋಚನೆ ಇದ್ದರೆ ಈಗಲೇ ಗ್ಯಾಸ್ ಎಳೆಯಬೇಡಿ. ಅವೆರಡಕ್ಕೂ ಒಳಗೆ ಗ್ಯಾಸ್ ಇರಬೇಕು.

ಮೊದಲು ಕಣ್ಣು, ಆಮೇಲೆ ಮಷೀನು

ಗ್ಯಾಸ್ ಹೊರಗೆ ಬರುವಾಗ ಆಯಿಲನ್ನೂ ಜೊತೆಗೆ ತರುತ್ತದೆ. ಗ್ಯಾಸ್ ಹಾರಿಹೋಗುತ್ತದೆ, ಆಯಿಲ್ ಅಲ್ಲೇ ಉಳಿಯುತ್ತದೆ. ಒಳ್ಳೆಯ ಟಾರ್ಚು ಮತ್ತು ಉದ್ದ ಹಿಡಿಯ ಸಣ್ಣ ಕನ್ನಡಿ ಇದ್ದರೆ ಅರ್ಧ ಲೀಕುಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಕಂಡೆನ್ಸರ್‌ನಿಂದ ಶುರುಮಾಡಿ. ಅದು ರೇಡಿಯೇಟರ್ ಮುಂದೆ ಇರುತ್ತದೆ, ರಸ್ತೆಯ ಕಲ್ಲು ಹಾರಿ ಮೊದಲು ಬಡಿಯುವುದು ಅದಕ್ಕೇ. ಮುಂದಿನ ಗ್ರಿಲ್ಲಿನ ಸಂದಿಯಿಂದ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಉಳಿದ ಕಡೆಯೆಲ್ಲ ಬೂದು ಬಣ್ಣದ ಒಣ ಧೂಳು ಇರುತ್ತದೆ. ಒಂದು ಕಡೆ ಮಾತ್ರ ಅಂಗೈ ಅಗಲದ ಕಪ್ಪು ಪಟ್ಟೆ, ಅದರ ಮೇಲೆ ಧೂಳು ಮೆತ್ತಿ ಹಪ್ಪಳೆಯಾಗಿ ಕೂತಿರುತ್ತದೆ. ಬೆರಳು ತಾಗಿಸಿದರೆ ಜಾರುತ್ತದೆ. ಆ ಪಟ್ಟೆಯ ಮೇಲ್ತುದಿಯಲ್ಲಿ ಹುಡುಕಿ, ಏಕೆಂದರೆ ಆಯಿಲ್ ಕೆಳಗೆ ಇಳಿಯುತ್ತದೆ. ಅಲ್ಲಿ ಒಂದು ಫಿನ್ ಬಾಗಿ, ಅದರ ಹಿಂದಿನ ಚಪ್ಪಟೆ ಟ್ಯೂಬಿನಲ್ಲಿ ಸಾಸಿವೆಗಿಂತ ಸಣ್ಣ ಗುಳಿ ಕಂಡರೆ ಕಳ್ಳ ಸಿಕ್ಕ ಹಾಗೆಯೇ. ಕಂಡೆನ್ಸರ್‌ನ ಕೆಳಗಿನ ಅಂಚನ್ನೂ ಬಿಡಬೇಡಿ. ಎಲೆ, ಕೆಸರು ಅಲ್ಲೇ ಸೇರಿ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ.

ಮುಂದೆ ಕಂಪ್ರೆಸರ್. ಅದರ ಮುಂಭಾಗದಲ್ಲಿ, ಪುಲ್ಲಿ ಹಿಂದೆ, ಶಾಫ್ಟ್ ಸೀಲ್ ಇದೆ. ಅದು ಲೀಕಾದರೆ ತಿರುಗುವ ಪುಲ್ಲಿ ಆಯಿಲನ್ನು ಸುತ್ತಲೂ ಎರಚುತ್ತದೆ. ಬಾನೆಟ್ಟಿನ ಒಳಬದಿಯಲ್ಲಿ, ಪುಲ್ಲಿಗೆ ನೇರವಾಗಿ, ಒಂದು ಎಣ್ಣೆ ಗೆರೆ ಬಿದ್ದಿದೆಯಾ ನೋಡಿ. ಎಂಜಿನ್ ಆಯಿಲ್ ಮೇಲಿನಿಂದ ಸೋರಿ ಕಂಪ್ರೆಸರ್ ಮೇಲೆ ಬಿದ್ದಿರಬಹುದು, ಅದನ್ನು ಕಂಪ್ರೆಸರ್ ತಲೆಗೆ ಕಟ್ಟಬೇಡಿ. ಬಿಳಿ ಬಟ್ಟೆಯಲ್ಲಿ ಒರೆಸಿ, ಕೆಲವು ದಿನ ಓಡಿಸಿ, ಮತ್ತೆ ನೋಡಿದರೆ ಯಾವುದು ಎಲ್ಲಿಂದ ಅನ್ನುವುದು ಗೊತ್ತಾಗುತ್ತದೆ.

ಆಮೇಲೆ ಪ್ರತಿ ಜಾಯಿಂಟ್, ಪ್ರೆಶರ್ ಸ್ವಿಚ್ಚಿನ ಬುಡ, ರಬ್ಬರ್ ಹೋಸಿಗೆ ಅಲ್ಯೂಮಿನಿಯಂ ಪೈಪ್ ಒತ್ತಿ ಕೂರಿಸಿರುವ ಕ್ರಿಂಪ್, ಪೈಪನ್ನು ಬಾಡಿಗೆ ಹಿಡಿದಿರುವ ಕ್ಲಾಂಪ್. ಕ್ಲಾಂಪಿನ ರಬ್ಬರ್ ಸವೆದಿದ್ದರೆ ಪೈಪ್ ಉಜ್ಜಿ ಉಜ್ಜಿ ತೂತಾಗುತ್ತದೆ. ಅದು ಕ್ಲಾಂಪಿನ ಅಡಿಯಲ್ಲಿ ಆಗುವುದರಿಂದ ಮೇಲಿಂದ ಕಾಣುವುದೇ ಇಲ್ಲ.

ಸರ್ವಿಸ್ ಪೋರ್ಟಿನ ಕ್ಯಾಪ್ ತೆಗೆದು ಒಳಗೆ ಒಂದೆರಡು ಹನಿ ಸಾಬೂನು ನೀರು ಬಿಡಿ. ಟೈರ್ ವಾಲ್ವಿನಲ್ಲಿ ಇರುವಂಥದ್ದೇ ಕೋರ್ ಇಲ್ಲೂ ಇದೆ. ಅದು ಲೀಕಾಗುತ್ತಿದ್ದರೆ ನೀರಿನ ಮೇಲೆ ಒಂದು ಗುಳ್ಳೆ ನಿಧಾನವಾಗಿ ಉಬ್ಬಿ, ಪಾರದರ್ಶಕವಾಗಿ ದೊಡ್ಡದಾಗುತ್ತಾ ಹೋಗಿ ಒಡೆಯುತ್ತದೆ, ಮತ್ತೊಂದು ಹುಟ್ಟುತ್ತದೆ. ಕೆಲವೊಮ್ಮೆ ಇದಕ್ಕೆ ಒಂದೆರಡು ನಿಮಿಷ ಬೇಕು, ತಕ್ಷಣ ಏನೂ ಕಾಣಲಿಲ್ಲ ಎಂದು ಎದ್ದು ಹೋಗಬೇಡಿ. ಇಡೀ ಎಸಿಯಲ್ಲಿ ಅತ್ಯಂತ ಅಗ್ಗದ ಲೀಕ್ ಇದು, ಜನ ಅತಿ ಹೆಚ್ಚು ಮರೆಯುವುದೂ ಇದನ್ನೇ.

ಡೈ ಹಾಕಿ ಹುಡುಕುವುದು

ಯುವಿ ಡೈ ಆಯಿಲಿನಲ್ಲಿ ಬೆರೆತು ಸುತ್ತುತ್ತದೆ, ಲೀಕಾದಲ್ಲಿ ಆಯಿಲಿನೊಂದಿಗೆ ಹೊರಬರುತ್ತದೆ. ಎಷ್ಟೋ ಕಾರುಗಳಲ್ಲಿ ಕಂಪನಿಯಲ್ಲೇ ಡೈ ಹಾಕಿರುತ್ತಾರೆ, ಹಾಗಾಗಿ ಹೊಸದಾಗಿ ಹಾಕುವ ಮೊದಲು ಒಮ್ಮೆ ಯುವಿ ಟಾರ್ಚ್ ಬಿಟ್ಟು ನೋಡಿ. ಹಾಕುವುದಾದರೆ ಬಾಟಲಿ ಮೇಲೆ ಬರೆದಷ್ಟೇ ಹಾಕಿ. ಜಾಸ್ತಿ ಡೈ ಅಂದರೆ ಆಯಿಲ್ ತೆಳುವಾಯಿತು ಎಂದೇ ಅರ್ಥ.

ಹಾಕಿದ ಮೇಲೆ ಎಸಿ ಹದಿನೈದು ನಿಮಿಷ ಓಡಿಸಿ. ದೊಡ್ಡ ಲೀಕ್ ಆಗಲೇ ಕಾಣಬಹುದು. ಸಣ್ಣದಕ್ಕೆ ಕೆಲವು ದಿನ ಮಾಮೂಲಾಗಿ ಕಾರು ಓಡಿಸಬೇಕು. ನೋಡುವಾಗ ಕತ್ತಲಿರಬೇಕು, ಹಳದಿ ಕನ್ನಡಕ ಹಾಕಿರಬೇಕು. ಲೀಕ್ ಇರುವ ಕಡೆ ಹಳದಿ-ಹಸಿರು ಬಣ್ಣ ಹೊಳೆಯುತ್ತದೆ.

ಎರಡು ಕಡೆ ಎಚ್ಚರ. ರೇಡಿಯೇಟರ್ ಕೂಲೆಂಟ್ ಕೂಡ ಎಷ್ಟೋ ಸಲ ಯುವಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಇನ್ನು ಗೇಜ್ ಬಿಚ್ಚಿದಾಗ ಪೋರ್ಟಿನ ಮೇಲೆ ಬಿದ್ದ ಒಂದು ಹನಿ ಡೈ ಆಮೇಲೆ ಲೀಕ್ ಥರವೇ ಕಾಣುತ್ತದೆ. ಆದ್ದರಿಂದ ಡೈ ಹಾಕಿ ಮುಗಿದ ಕೂಡಲೇ ಪೋರ್ಟ್ ಚೆನ್ನಾಗಿ ಒರೆಸಿಬಿಡಿ.

ಎಲೆಕ್ಟ್ರಾನಿಕ್ ಡಿಟೆಕ್ಟರ್ ಹಿಡಿಯುವ ರೀತಿ

ಒಳ್ಳೆಯ ಡಿಟೆಕ್ಟರ್ ವರ್ಷಕ್ಕೆ ಕೆಲವೇ ಗ್ರಾಂ ಹೋಗುವ ಲೀಕನ್ನೂ ಹಿಡಿಯುತ್ತದೆ. ಆದರೆ ಕೈಯಲ್ಲಿ ಹಿಡಿದು ಬೀಸಾಡಿದರೆ ಏನೂ ಸಿಗುವುದಿಲ್ಲ, ಅಥವಾ ಎಲ್ಲ ಕಡೆಯೂ ಕೂಗುತ್ತದೆ.

ಎಂಜಿನ್ ಆಫ್ ಇರಲಿ. ಒಳಗೆ ಕನಿಷ್ಠ 50 ಪಿಎಸ್‌ಐ ಒತ್ತಡ ಇರಲಿ. ಗಾಳಿ ಬೀಸುವ ಬಯಲಿನಲ್ಲಿ ಬೇಡ. ಡಿಟೆಕ್ಟರಿನ ಮೂತಿ ಪೈಪಿನಿಂದ ಅರ್ಧ ಸೆಂಟಿಮೀಟರ್ ದೂರದಲ್ಲಿರಲಿ, ಸೆಕೆಂಡಿಗೆ ಎರಡು ಬೆರಳಗಲಕ್ಕಿಂತ ವೇಗ ಬೇಡ. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಹಾಗಾಗಿ ಪ್ರತಿ ಜಾಯಿಂಟನ್ನೂ ಸುತ್ತಿ, ಅದರಲ್ಲೂ ಅಡಿಭಾಗದಲ್ಲಿ ನಿಂತು ನೋಡಿ. ಮೂತಿ ಆಯಿಲಿಗೆ, ಒದ್ದೆಗೆ ತಾಗಬಾರದು. ಒಂದು ತುದಿಯಿಂದ ಹೊರಟು ಪೈಪಿನ ದಾರಿಯಲ್ಲೇ ಇನ್ನೊಂದು ತುದಿಗೆ ಹೋಗಿ. ಅಲ್ಲೊಂದು ಇಲ್ಲೊಂದು ಕಡೆ ನೋಡಿದರೆ ಯಾವುದೋ ಒಂದು ಜಾಯಿಂಟ್ ಬಿಟ್ಟುಹೋಗಿರುತ್ತದೆ.

ಬೀಪ್ ಅಂದ ಕೂಡಲೇ ತೀರ್ಮಾನ ಬೇಡ. ಅಲ್ಲಿ ಸ್ವಲ್ಪ ಗಾಳಿ ಊದಿ ಚೆದುರಿಸಿ, ಡಿಟೆಕ್ಟರನ್ನು ಶುದ್ಧ ಗಾಳಿಗೆ ತಂದು, ಮತ್ತೆ ಅದೇ ಜಾಗಕ್ಕೆ ಒಯ್ಯಿರಿ. ಪ್ರತಿ ಸಲ ಅಲ್ಲೇ ಕೂಗಿದರೆ ಅದು ಲೀಕ್. ಬ್ರೇಕ್ ಕ್ಲೀನರ್, ಗಾಜು ತೊಳೆಯುವ ದ್ರವ ಇವುಗಳ ಆವಿಗೂ ಕೆಲವು ಡಿಟೆಕ್ಟರ್ ಕೂಗುತ್ತವೆ, ಆದ್ದರಿಂದ ಹುಡುಕುವ ಮೊದಲು ಅಂಥವನ್ನು ಸಿಂಪಡಿಸಬೇಡಿ. ಒಂದು ಲೀಕ್ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಿಸಲೂ ಬೇಡಿ. ಹಳೆಯ ಕಾರಿನಲ್ಲಿ ಎರಡನೆಯದು ಇರುವುದು ಅಪರೂಪವೇನಲ್ಲ.

ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್

ಕಣ್ಣಿಗೆ ಕಾಣದ, ಕೈಗೆ ಎಟುಕದ ಒಂದೇ ಒಂದು ಭಾಗ ಇದು. ಇವಾಪರೇಟರ್ ಅಂತಲೂ ಕರೆಯುತ್ತಾರೆ. ಲೀಕ್ ಇದೆ ಎಂದು ತಪ್ಪಾಗಿ ಹೇಳಿದರೆ ಸುಮ್ನೆ ಡ್ಯಾಶ್‌ಬೋರ್ಡ್ ಇಡೀ ಬಿಚ್ಚಬೇಕಾಗುತ್ತದೆ. ಇಲ್ಲ ಎಂದು ತಪ್ಪಾಗಿ ಹೇಳಿದರೆ ಹೊರಗಿನ ಭಾಗ ಎಲ್ಲ ಬದಲಿಸಿದರೂ ಗ್ಯಾಸ್ ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಎಸಿ ಆಫ್ ಮಾಡಿ. ಬ್ಲೋವರನ್ನು ಜೋರಾಗಿ ಒಂದರ್ಧ ನಿಮಿಷ ಓಡಿಸಿ ಒಳಗಿನ ಹಳೆ ಗಾಳಿ ಹೊರಹಾಕಿ. ಬ್ಲೋವರ್ ನಿಲ್ಲಿಸಿ, ಬಾಗಿಲು ಕಿಟಕಿ ಮುಚ್ಚಿ ಹದಿನೈದು ನಿಮಿಷ ಬಿಡಿ. ಗ್ಯಾಸ್ ಲೀಕಾಗುತ್ತಿದ್ದರೆ ಅದು ಕಾಯಿಲಿನ ಪೆಟ್ಟಿಗೆಯ ತಳದಲ್ಲಿ ಸೇರಿಕೊಳ್ಳುತ್ತದೆ. ಈಗ ಕಾರಿನ ಅಡಿಗೆ ಎಸಿ ನೀರು ಹೊರಬರುವ ಡ್ರೈನ್ ಪೈಪಿನ ಬಾಯಿಗೆ ಡಿಟೆಕ್ಟರ್ ಹಿಡಿಯಿರಿ. ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳಿ, ನೀರು ಒಳಗೆ ಎಳೆದರೆ ಸೆನ್ಸರ್ ಹಾಳಾಗುತ್ತದೆ. ಡ್ರೈನ್ ಕಟ್ಟಿಕೊಂಡಿದ್ದರೆ ಬ್ಲೋವರಿನ ರೆಸಿಸ್ಟರ್ ಬಿಚ್ಚಿ ಆ ಕಿಂಡಿಯಿಂದ ನೋಡಬಹುದು. ಡೈ ಇದ್ದರೆ ಡ್ರೈನ್ ನೀರಿಗೇ ಯುವಿ ಬೆಳಕು ಬಿಡಿ. ನೀರು ಹಸಿರಾಗಿ ಹೊಳೆದರೆ ಸಂಶಯಕ್ಕೆ ಜಾಗ ಇಲ್ಲ.

ಒಂದು ಕಿವಿಮಾತು: ಕಾಯಿಲಿಗೆ ಗ್ಯಾಸನ್ನು ಅಳೆದು ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವಿನ ಓ-ರಿಂಗ್ (ಜಾಯಿಂಟಿನೊಳಗಿನ ರಬ್ಬರ್ ಬಳೆ) ಲೀಕಾದರೂ ಕೆಲವು ಕಾರುಗಳಲ್ಲಿ ಗ್ಯಾಸ್ ಅದೇ ಪೆಟ್ಟಿಗೆಗೆ ಬರುತ್ತದೆ. ಕಾಯಿಲ್ ಹೋಗಿದೆ ಅನ್ನುವ ಮೊದಲು ವಾಲ್ವನ್ನು ನೋಡಿ.

ನೈಟ್ರೋಜನ್ ಪರೀಕ್ಷೆ

ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೊಸ ಗ್ಯಾಸ್ ತುಂಬಿಸಿ ಅದು ಎಲ್ಲಿಂದ ಹೋಗುತ್ತದೆ ಎಂದು ಕಾಯುವುದಕ್ಕಿಂತ ಗಾಳಿಯಲ್ಲೇ ಶೇಕಡಾ 78ರಷ್ಟು ಇರುವ ನೈಟ್ರೋಜನ್ ತುಂಬಿಸಿ ನೋಡುವುದು ವಾಸಿ ಅಲ್ವಾ? ಒಣಗಿದ ಗ್ಯಾಸ್ ಅದು, ತೇವ ತರುವುದಿಲ್ಲ, ಹೊರಗೆ ಬಿಟ್ಟರೂ ತೊಂದರೆ ಇಲ್ಲ.

ಮೊದಲು ಉಳಿದಿರುವ ಎಸಿ ಗ್ಯಾಸನ್ನು ಮಷೀನಿಗೆ ಎಳೆಯಿರಿ. ನೈಟ್ರೋಜನ್ ಸಿಲಿಂಡರಿಗೆ ರೆಗ್ಯುಲೇಟರ್ ಇಲ್ಲದೆ ಮುಟ್ಟಲೇಬೇಡಿ. ತುಂಬಿದ ಸಿಲಿಂಡರಿನೊಳಗೆ ಸಾವಿರಾರು ಪಿಎಸ್‌ಐ ಇರುತ್ತದೆ, ಅದು ನೇರವಾಗಿ ನುಗ್ಗಿದರೆ ಕಾಯಿಲ್ ಸಿಡಿಯುತ್ತದೆ. ರೆಗ್ಯುಲೇಟರನ್ನು 150 ಪಿಎಸ್‌ಐಗೆ ಇಟ್ಟು ನಿಧಾನವಾಗಿ ತುಂಬಿಸಿ, ವಾಲ್ವ್ ಮುಚ್ಚಿ. ಆಕ್ಸಿಜನ್ ಯಾವ ಕಾರಣಕ್ಕೂ ಬೇಡ, ಆಯಿಲಿಗೆ ತಾಗಿದರೆ ಸ್ಫೋಟ ಆಗುತ್ತದೆ. ಟೈರಿಗೆ ಹಾಕುವ ಕಂಪ್ರೆಸರ್ ಗಾಳಿಯೂ ಬೇಡ. ಅದರಲ್ಲಿ ತೇವ ಇರುತ್ತದೆ. ಮೇಲಾಗಿ ಒತ್ತಡದಲ್ಲಿ ಗಾಳಿಯ ಜೊತೆ ಬೆರೆತ 134ಎ ಹೊತ್ತಿಕೊಳ್ಳಬಲ್ಲದು.

ತುಂಬಿಸಿದ ಮೇಲೆ ಎಂಜಿನ್, ಫ್ಯಾನ್ ಎಲ್ಲ ನಿಲ್ಲಿಸಿ ಕಿವಿ ಕೊಡಿ. ದೊಡ್ಡ ಲೀಕ್ ಕೇಳಿಸುತ್ತದೆ. ಆಮೇಲೆ ಸಾಬೂನು ನೀರು ಬ್ರಷ್ಷಿನಲ್ಲಿ ಹಚ್ಚಿ. ನೊರೆ ಬರುವಂತೆ ಕಲಕಬೇಡಿ, ಇರುವ ನೊರೆಯಲ್ಲಿ ಹೊಸ ಗುಳ್ಳೆ ಕಾಣುವುದಿಲ್ಲ. ದೊಡ್ಡ ಲೀಕಿಗೆ ದೊಡ್ಡ ಗುಳ್ಳೆ ಬರುತ್ತದೆ. ಸಣ್ಣ ಲೀಕಿನಲ್ಲಿ ಬರುವುದು ಬಿಳಿ ಕೆನೆಯಂಥ ಸಣ್ಣ ನೊರೆ, ಅದು ಕಟ್ಟಿಕೊಳ್ಳಲು ಹಲವು ನಿಮಿಷ ಬೇಕು.

ಏನೂ ಕಾಣದಿದ್ದರೆ ಗೇಜ್ ಅಂಕಿ ಮತ್ತು ಹೊರಗಿನ ಉಷ್ಣಾಂಶ ಎರಡನ್ನೂ ಬರೆದಿಟ್ಟು ರಾತ್ರಿಯಿಡೀ ಬಿಡಿ. ಉಷ್ಣಾಂಶ 3 ಡಿಗ್ರಿ ಇಳಿದರೆ 150 ಪಿಎಸ್‌ಐ ತಾನಾಗಿಯೇ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಅದನ್ನು ಲೀಕ್ ಎಂದು ತಿಳಿಯಬೇಡಿ. ಅದಕ್ಕಿಂತ ಜಾಸ್ತಿ ಇಳಿದರೆ ಭಾಗ ಭಾಗ ಮಾಡಿ ನೋಡಬೇಕು. ಒತ್ತಡ ಪೂರ್ತಿ ಬಿಟ್ಟು, ಎಂಜಿನ್ ಕಡೆಯ ಗೋಡೆಯಲ್ಲಿ ಕಾಯಿಲಿಗೆ ಹೋಗುವ ಎರಡೂ ಪೈಪ್ ಬಿಚ್ಚಿ, ಬಾಯಿಗೆ ಬ್ಲಾಂಕ್ (ಮುಚ್ಚುವ ಬಿರಡೆ) ಕೂರಿಸಿ, ಕಾಯಿಲಿಗೆ ಮಾತ್ರ ನೈಟ್ರೋಜನ್ ಕೊಡಿ. ನಿಂತರೆ ಕಾಯಿಲ್ ಸರಿ, ಲೀಕ್ ಹೊರಗಿದೆ. ಇಳಿದರೆ ಡ್ಯಾಶ್‌ಬೋರ್ಡ್ ಬಿಚ್ಚುವುದು ಖಚಿತ.

ಶೇಕಡಾ 95 ನೈಟ್ರೋಜನ್, 5 ಹೈಡ್ರೋಜನ್ ಇರುವ ಮಿಶ್ರಣ ಸಿಕ್ಕಿದರೆ ಇನ್ನೂ ಒಳ್ಳೆಯದು. ಹೈಡ್ರೋಜನ್ ಅತಿ ಸಣ್ಣ ಸಂದಿಯಲ್ಲೂ ನುಸುಳುತ್ತದೆ, ಅದನ್ನು ಹಿಡಿಯುವ ಡಿಟೆಕ್ಟರ್ ಬೇರೆ ಬರುತ್ತದೆ.

ವ್ಯಾಕ್ಯೂಮ್ ಮಾಡಿ (ಪಂಪಿನಿಂದ ಒಳಗಿನ ಗಾಳಿಯೆಲ್ಲ ಎಳೆದು) ಗೇಜ್ ನಿಂತಿತು, ಹಾಗಾಗಿ ಲೀಕ್ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವ್ಯಾಕ್ಯೂಮಿನಲ್ಲಿ ಒಳಗೂ ಹೊರಗೂ ಇರುವ ವ್ಯತ್ಯಾಸ 15 ಪಿಎಸ್‌ಐ ಅಷ್ಟೇ, ಅದೂ ಹೊರಗಿಂದ ಒಳಕ್ಕೆ. ಓಡುವ ಎಸಿಯ ಹೈ ಸೈಡಿನಲ್ಲಿ 200 ಪಿಎಸ್‌ಐ ಒಳಗಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ದೊಡ್ಡ ಲೀಕ್ ಇದ್ದರೆ ವ್ಯಾಕ್ಯೂಮ್ ಹೇಳುತ್ತದೆ, ಸಣ್ಣದನ್ನು ಹೇಳುವುದಿಲ್ಲ.

ಸರಿಮಾಡುವುದು

ಗ್ಯಾಸ್ ಮಷೀನಿಗೆ ಹೋಗಿ, ಗೇಜ್ ಸೊನ್ನೆ ತೋರಿಸಿದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.

ಪೋರ್ಟಿನ ಕೋರ್ ಲೀಕಾಗಿದ್ದರೆ ಕೋರ್ ಬದಲಿಸಿ, ಕ್ಯಾಪ್ ಕೂಡ ಹೊಸದು ಹಾಕಿ. ಕ್ಯಾಪ್ ಬರೀ ಧೂಳಿಗಲ್ಲ, ಅದರೊಳಗಿನ ರಬ್ಬರ್ ಕೂಡ ಗ್ಯಾಸ್ ಹಿಡಿಯುತ್ತದೆ.

ಜಾಯಿಂಟ್ ಲೀಕಿಗೆ ಓ-ರಿಂಗ್. ಹಳೆಯ ಓ-ರಿಂಗ್ ಕೈಗೆ ತೆಗೆದುಕೊಂಡು ನೋಡಿ. ಹೊಸದು ದುಂಡಗಿರುತ್ತದೆ, ಬಾಗಿಸಿದರೆ ವಾಪಸ್ ಬರುತ್ತದೆ. ಹಳೆಯದು ಒಂದು ಬದಿ ಚಪ್ಪಟೆಯಾಗಿ, ಗಟ್ಟಿಯಾಗಿ, ಬಾಗಿಸಿದರೆ ಸಣ್ಣ ಬಿರುಕು ಕಾಣುತ್ತದೆ. ಅದನ್ನು ಸ್ಕ್ರೂಡ್ರೈವರ್‌ನಿಂದ ಕೀಳಬೇಡಿ. ಅಲ್ಯೂಮಿನಿಯಂ ಮೇಲೆ ಕೂದಲೆಳೆಯ ಗೀರು ಬಿದ್ದರೂ ಹೊಸ ಓ-ರಿಂಗ್ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಅಥವಾ ಮರದ ಕಡ್ಡಿ ಸಾಕು. ಎಸಿಗೆಂದೇ ಬರುವ ಎಚ್‌ಎನ್‌ಬಿಆರ್ ರಬ್ಬರಿನ ಓ-ರಿಂಗ್, ಅದೇ ಅಳತೆಯದ್ದು, ಬೇಕು. ನಲ್ಲಿಗೆ ಹಾಕುವ ರಿಂಗ್ ಆಗುವುದಿಲ್ಲ. ಎಸಿ ಆಯಿಲ್ ಸವರಿ ಕೂರಿಸಿ, ಜಾಯಿಂಟನ್ನು ಮೊದಲು ಕೈಯಲ್ಲೇ ನೇರವಾಗಿ ಸೇರಿಸಿ. ಆಮೇಲೆ ಎರಡು ಸ್ಪ್ಯಾನರ್, ಒಂದು ಪೈಪ್ ತಿರುಚದಂತೆ ಹಿಡಿಯಲು, ಇನ್ನೊಂದು ಬಿಗಿಯಲು. ಎಷ್ಟು ಬಿಗಿ ಎಂದು ಮ್ಯಾನುಯಲ್ ಹೇಳುತ್ತದೆ, ಟಾರ್ಕ್ ರೆಂಚ್ ಬಳಸಿ. ಜಾಸ್ತಿ ಬಿಗಿದರೆ ಲೀಕ್ ನಿಲ್ಲುವುದಿಲ್ಲ, ಥ್ರೆಡ್ ಹೋಗುತ್ತದೆ ಅಷ್ಟೇ. ಕೆಲವು ಜಾಯಿಂಟುಗಳಲ್ಲಿ ಓ-ರಿಂಗ್ ಬದಲು ಲೋಹಕ್ಕೆ ರಬ್ಬರ್ ಅಂಟಿಸಿದ ವಾಷರ್ ಇರುತ್ತದೆ, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬಾರದು.

ಹೋಸ್ ಕ್ರಿಂಪಿನಲ್ಲಿ ಲೀಕಿದ್ದರೆ ಹೋಸ್ ಬದಲಿಸಬೇಕು ಅಥವಾ ಸರಿಯಾದ ಮಷೀನಿನಲ್ಲಿ ಹೊಸ ಕ್ರಿಂಪ್ ಹಾಕಿಸಬೇಕು. ಕ್ಲಿಪ್ ಬಿಗಿದು ಪಾರಾಗುವ ಹಾಗಿಲ್ಲ. ಕಂಡೆನ್ಸರ್ ತೂತಾಗಿದ್ದರೆ ಬದಲಿಸುವುದೇ ಸರಿ. ಅದರ ಟ್ಯೂಬಿನ ಗೋಡೆ ಎಷ್ಟು ತೆಳು ಅಂದರೆ ಅಂಟು, ವೆಲ್ಡಿಂಗ್ ಯಾವುದೂ ಹೆಚ್ಚು ದಿನ ಬಾಳುವುದಿಲ್ಲ. ಕಂಪ್ರೆಸರ್ ಶಾಫ್ಟ್ ಸೀಲ್ ಬೇರೆಯಾಗಿ ಸಿಗುವ ಮಾಡೆಲ್ ಇವೆ, ಆದರೆ ಒಳಗಿಂದ ಲೋಹದ ಪುಡಿ ಬಂದಿದ್ದರೆ ಸೀಲಿಗೆ ಹಣ ಹಾಕಬೇಡಿ, ಕಂಪ್ರೆಸರ್ ಬದಲಿಸಿ. ಕೂಲಿಂಗ್ ಕಾಯಿಲ್ ಬದಲಿಸುವಾಗ ಏರ್‌ಬ್ಯಾಗ್ ಇರುವ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಬ್ಯಾಟರಿ ಕಳಚಿ, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈ ಹಾಕಿ. ಹೇಗೂ ಅಷ್ಟು ಬಿಚ್ಚಿದ್ದೀರಿ, ಎಕ್ಸ್‌ಪ್ಯಾನ್ಶನ್ ವಾಲ್ವನ್ನೂ ಹೊಸದು ಹಾಕಿಬಿಡಿ.

ಡಬ್ಬಿಯಲ್ಲಿ ಬರುವ ಲೀಕ್ ಸೀಲರ್ ಹಾಕಬೇಡಿ. ಅದರಲ್ಲಿ ಕೆಲವು ತೇವ ಮತ್ತು ಗಾಳಿ ತಾಗಿದ ಕಡೆ ಗಟ್ಟಿಯಾಗುತ್ತವೆ. ಒಳಗೆ ತೇವ ಇದ್ದರೆ ಎಕ್ಸ್‌ಪ್ಯಾನ್ಶನ್ ವಾಲ್ವಿನಲ್ಲೇ ಗಟ್ಟಿಯಾಗಬಹುದು. ಮುಂದೆ ಗ್ಯಾಸ್ ಎಳೆಯುವವರ ಮಷೀನೂ ಕಟ್ಟಿಕೊಳ್ಳುತ್ತದೆ. ಸೀಲರ್ ಹಾಕಿದ ಕಾರನ್ನು ಮುಟ್ಟಲು ಎಷ್ಟೋ ಮೆಕ್ಯಾನಿಕ್‌ಗಳು ಒಪ್ಪದಿರುವುದು ಇದಕ್ಕೇ.

ಬಿಚ್ಚಿದ ಪ್ರತಿ ಪೈಪಿನ ಬಾಯಿ ಕೂಡಲೇ ಮುಚ್ಚಿ. ಪಿಎಜಿ ಆಯಿಲ್ ಗಾಳಿಯ ತೇವವನ್ನು ಕುಡಿಯುತ್ತಲೇ ಇರುತ್ತದೆ. ತೇವ, ಆಯಿಲ್, ಗ್ಯಾಸ್ ಸೇರಿದರೆ ಆಸಿಡ್ ಆಗಿ ಒಳಗಿನಿಂದ ತಿನ್ನುತ್ತದೆ. ಎಸಿ ತುಂಬಾ ಹೊತ್ತು ತೆರೆದಿದ್ದರೆ ಅಥವಾ ಗ್ಯಾಸ್ ಪೂರ್ತಿ ಹೋಗಿ ದಿನಗಟ್ಟಲೆ ನಿಂತಿದ್ದರೆ ತೇವ ಹೀರುವ ಡ್ರೈಯರ್ ಬದಲಿಸಲೇಬೇಕು. ಹೊಸ ಕಂಡೆನ್ಸರ್‌ಗಳಲ್ಲಿ ಅದು ಪಕ್ಕದಲ್ಲೇ ಸೇರಿಕೊಂಡಿರುತ್ತದೆ. ಬದಲಿಸಿದ ಭಾಗದ ಜೊತೆ ಹೋದ ಆಯಿಲನ್ನೂ ವಾಪಸ್ ಸೇರಿಸಬೇಕು. ಕಂಡೆನ್ಸರ್‌ಗೆ ಸುಮಾರು 30 ಮಿಲಿ, ಕೂಲಿಂಗ್ ಕಾಯಿಲಿಗೆ 50 ಮಿಲಿ ಆಸುಪಾಸು ಅನ್ನುವುದು ರೂಢಿಯ ಲೆಕ್ಕ, ನಿಮ್ಮ ಕಾರಿನ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ.

ವ್ಯಾಕ್ಯೂಮ್ ಮತ್ತು ಗ್ಯಾಸ್

ವ್ಯಾಕ್ಯೂಮ್ ಮಾಡುವುದು ಒಳಗಿನ ಗಾಳಿ ತೆಗೆಯಲು ಮಾತ್ರವಲ್ಲ, ತೇವ ಒಣಗಿಸಲು ಕೂಡ. ಒತ್ತಡ 24 ಮಿಲಿಮೀಟರ್ ಪಾದರಸಕ್ಕೆ ಇಳಿದರೆ ನೀರು 25 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಪಂಪ್ ಕನಿಷ್ಠ 30ರಿಂದ 45 ನಿಮಿಷ ಓಡಲಿ. ಅತಿ ಕಮ್ಮಿ ಒತ್ತಡ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ 500 ಮೈಕ್ರಾನ್‌ಗೆ ಇಳಿಸಿ, ವಾಲ್ವ್ ಮುಚ್ಚಿ ಹತ್ತು ನಿಮಿಷ ನೋಡಿ. ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ತೇವ ಉಳಿದಿದೆ, ಪಂಪ್ ಇನ್ನಷ್ಟು ಓಡಲಿ. ಏರುತ್ತಲೇ ಹೋದರೆ ಲೀಕ್ ಉಳಿದಿದೆ.

ಈಗ ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟು, ಹೋಸಿನೊಳಗಿನ ಗಾಳಿ ತೆಗೆದು, ಮೊದಲು ನೂರು ಗ್ರಾಂನಷ್ಟು ಮಾತ್ರ ಬಿಡಿ. ಅಲ್ಲಿಗೆ ನಿಲ್ಲಿಸಿ, ನೀವು ಬಿಚ್ಚಿ ಹಾಕಿದ ಪ್ರತಿ ಜಾಯಿಂಟಿಗೂ ಡಿಟೆಕ್ಟರ್ ಹಿಡಿಯಿರಿ. ಏನಾದರೂ ತಪ್ಪಿದ್ದರೆ ಪೂರ್ತಿ ತುಂಬಿಸುವ ಮೊದಲೇ ಗೊತ್ತಾಗುತ್ತದೆ. ಸರಿಯಿದ್ದರೆ ಎಂಜಿನ್ ಮತ್ತು ಎಸಿ ಆನ್ ಮಾಡಿ, ಲೋ ಸೈಡಿನಿಂದ, ಸಿಲಿಂಡರ್ ನೆಟ್ಟಗೆ ಇಟ್ಟು ಆವಿ ರೂಪದಲ್ಲಿ ಉಳಿದದ್ದನ್ನು ಬಿಡಿ. ಎಂಜಿನ್ ಓಡುವಾಗ ಹೈ ಸೈಡ್ ವಾಲ್ವ್ ತೆರೆಯಬಾರದು. ಕಂಪ್ರೆಸರಿನ ಒತ್ತಡ ಸಿಲಿಂಡರಿಗೇ ನುಗ್ಗಿ ಅದು ಸಿಡಿಯಬಹುದು.

ಸ್ಟಿಕ್ಕರಿನ ಗ್ರಾಂ ಮುಟ್ಟಿದ ಕೂಡಲೇ ನಿಲ್ಲಿಸಿ. ಇನ್ನೊಂಚೂರು ಹಾಕಿದರೆ ಇನ್ನೂ ತಣ್ಣಗಾಗುತ್ತದೆ ಅನ್ನುವುದು ಸುಳ್ಳು. ಗ್ಯಾಸ್ ಜಾಸ್ತಿಯಾದರೆ ಹೈ ಸೈಡ್ ಒತ್ತಡ ಏರಿ ಕೂಲಿಂಗ್ ಕಮ್ಮಿಯೇ ಆಗುತ್ತದೆ, ಕಂಪ್ರೆಸರ್‌ಗೂ ಹೊರೆ.

ಎರಡೂ ಪೋರ್ಟ್ ಒರೆಸಿ ಕ್ಯಾಪ್ ಹಾಕಿ. ಒಂದು ವಾರ ಓಡಿಸಿದ ಮೇಲೆ ಸರಿಮಾಡಿದ ಜಾಗಕ್ಕೆ ಮತ್ತೆ ಯುವಿ ಟಾರ್ಚ್ ಬಿಟ್ಟು ನೋಡಿ. ಚಳಿಗಾಲದಲ್ಲೂ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ, ಆಯಿಲ್ ಸುತ್ತದಿದ್ದರೆ ಶಾಫ್ಟ್ ಸೀಲ್ ಒಣಗುತ್ತದೆ. ತಾರೀಕು, ಹಾಕಿದ ಗ್ರಾಂ, ಸೇರಿಸಿದ ಆಯಿಲ್, ಬದಲಿಸಿದ ಭಾಗ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗಿನ ಸ್ಟಿಕ್ಕರ್ ಪಕ್ಕ ಅಂಟಿಸಿ. ಮುಂದೆ ಯಾರೇ ಗ್ಯಾಸ್ ಎಳೆದು ತೂಗಿದರೂ ಎಷ್ಟು ದಿನಕ್ಕೆ ಎಷ್ಟು ಹೋಗಿದೆ ಅನ್ನುವ ಲೆಕ್ಕ ಅವರಿಗೆ ಅಲ್ಲೇ ಸಿಗುತ್ತದೆ.